ಬುಧವಾರದ ಹಡಗಿಗೆ ಭಾನುವಾರ ಹೊರಟದ್ದು

ಮೊನ್ನೆ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಗಿರಣಿಯ ಖಾಜಾಭಾಯಿ ನನ್ನ ಚೀಲವನ್ನು ತಕ್ಕಡಿಗೆ ಏರಿಸಿ, ಅದರ ಹಿಡಿಕೆಗೆ ಅಂಟಿಕೊಂಡಿದ್ದ ಬಿಳಿ ಪಟ್ಟಿಯೊಂದನ್ನು ಕಣ್ಣು ಕಿರಿದು ಮಾಡಿ ನೋಡಿದ.

“ಟೀಚರಮ್ಮಾ, ಇದೇನ್ರೀ? ಜ್ವಾಳಕ್ಕೂ ನಂಬರ್ ಹಚ್ಚಾಕತ್ತಾರೇನು?”

“ಅದು ಹಡಗಿನ ಪಟ್ಟಿ, ಖಾಜಾಭಾಯಿ. ಈ ಚೀಲ ಸಮುದ್ರಕ್ಕ ಹೋಗಿ ಬಂದದ.”

ಖಾಜಾಭಾಯಿ ಗಿರಣಿ ಬಂದ್ ಮಾಡಿದ. ಸಾಲಿನಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು ತಮ್ಮ ಡಬ್ಬಿಗಳ ಮೇಲೆಯೇ ಕುಳಿತರು. ಆಮೇಲೆ ಅರ್ಧ ತಾಸು ಮಾನ್ವಿಯ ಆ ಓಣಿಯಲ್ಲಿ ಯಾರ ಹಿಟ್ಟೂ ಆಗಲಿಲ್ಲ. ನನ್ನ ಕಥೆ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಎಲ್ಲರೂ ನನ್ನನ್ನೇ ಬೈದುಕೊಂಡು ಮನೆಗೆ ಹೋದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮನೆಯಲ್ಲಿ ಹಿಟ್ಟು ಇದೆಯೋ ಇಲ್ಲವೋ ಒಮ್ಮೆ ನೋಡಿಕೊಂಡು ಬಂದು ಕುಳಿತುಕೊಳ್ಳಿ.

ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ‘ಒಂದು ರೈಲು ಬೆಳಿಗ್ಗೆ ಆರಕ್ಕೆ ಹೊರಟು ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ…’ ಎಂದು ಶುರುವಾಗುವ ಲೆಕ್ಕಗಳನ್ನು ಊರಿನ ಅರ್ಧ ಮಂದಿಗೆ ನಾನೇ ಹೇಳಿಕೊಟ್ಟಿದ್ದೇನೆ. ಆ ಲೆಕ್ಕದ ರೈಲು ಬಲು ಸುಖದ ರೈಲು. ಅದನ್ನು ಹತ್ತುವವರೇ ಇರುವುದಿಲ್ಲ. ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಯಾರೂ ತಿರುಗಿ ಓಡುವುದಿಲ್ಲ. ಹೀಗಾಗಿ ಕರಿಹಲಗೆಯ ಮೇಲೆ ನಾನು ಒಂದು ನಿಮಿಷವೂ ತಪ್ಪಿದವಳಲ್ಲ. ಶಾಲೆಗೆ ಮಾತ್ರ ಪ್ರಾರ್ಥನೆ ಮುಗಿಯುವಾಗ ಹೋಗಿ ಮುಟ್ಟುತ್ತೇನೆ. ಗೇಟಿನಲ್ಲಿ ನನ್ನ ಚಪ್ಪಲಿ ಸದ್ದು ಕೇಳಿದ ಕೂಡಲೇ ಪ್ರಾರ್ಥನೆ ಮುಗಿಯಿತೆಂದು ಮಕ್ಕಳು ಕಣ್ಣು ತೆರೆಯುವುದುಂಟು.

ಹಡಗಿಗೆ ಕಾರಣ ಅವ್ವ. ಅವ್ವ ನನ್ನ ಜೊತೆಯೇ ಇರುತ್ತಾಳೆ. ಆಧಾರ್ ಕಾರ್ಡು ಅವಳಿಗೆ ಎಪ್ಪತ್ತೆಂಟು ಅನ್ನುತ್ತದೆ. ಅವಳು “ಅದಕ್ಕೇನ್ ಗೊತ್ತು” ಅನ್ನುತ್ತಾಳೆ. ಹತ್ತಿ ಬಿಡಿಸಿ, ಕಳೆ ಕಿತ್ತು ನನ್ನನ್ನೂ ನನ್ನ ಅಣ್ಣನನ್ನೂ ಓದಿಸಿದವಳು. ಒಂದು ದಿನ ಟಿವಿಯಲ್ಲಿ ಸಮುದ್ರ ತೋರಿಸುತ್ತಿದ್ದರು. ಅವ್ವ ಬಹಳ ಹೊತ್ತು ನೋಡಿ ಕೇಳಿದಳು:

“ಸರೋಜಾ, ಇದರ ಆಚಿ ದಂಡಿ ಎಲ್ಲೆದ?”

“ಕಾಣಂಗಿಲ್ಲಬೇ ಅವ್ವಾ.”

“ಕಾಣಲಾರದ ದಂಡಿಗಿ ಮಂದಿ ಯಾಕ ಹೋಗ್ತಾರ?”

ಅದೇ ತಿಂಗಳು ದೇವದುರ್ಗದಲ್ಲಿ ಅಣ್ಣ ನಿವೃತ್ತನಾಗಿದ್ದ. ಎರಡೂ ಸೇರಿ ನನ್ನ ತಲೆಯಲ್ಲಿ ಏನಾಯಿತೋ, ಉತ್ತರಪತ್ರಿಕೆ ತಿದ್ದುತ್ತ ಕುಳಿತವಳು ಮೊಬೈಲಿನಲ್ಲಿ ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ಹಡಗಿಗೆ ನಾಲ್ಕು ಟಿಕೆಟ್ ತೆಗೆದುಬಿಟ್ಟೆ. ಅವ್ವ, ಅಣ್ಣ, ಅಣ್ಣನ ಹೆಂಡತಿ ವೈನಿ, ನಾನು. ನನ್ನ ಗಂಡನಿಗೆ ಬಕೆಟ್ಟಿನ ನೀರು ಅಲುಗಾಡಿದರೂ ತಲೆ ತಿರುಗುತ್ತದೆ, ಅವರನ್ನು ಬಿಟ್ಟೆ.

ಟಿಕೆಟ್ ಸುಲಭವಾಗಿ ಬಂತು. ಹಿಂದೆಯೇ ಒಂದು ಸಂದೇಶವೂ ಬಂತು. ಹಡಗು ಬುಧವಾರ ಸಂಜೆ ಐದಕ್ಕೆ ಬಿಡುತ್ತದೆ. ಮಧ್ಯಾಹ್ನ ಮೂರೂವರೆಗೆ ಬಾಗಿಲು ಹಾಕುತ್ತಾರೆ. ಹನ್ನೆರಡರಿಂದ ಅರ್ಧರ್ಧ ಗಂಟೆಗೆ ಒಂದೊಂದು ಗುಂಪನ್ನು ಒಳಗೆ ಬಿಡುತ್ತಾರೆ. ನಿಮಗೆ ಯಾವ ಅರ್ಧ ಗಂಟೆ ಬೇಕೋ ಆರಿಸಿಕೊಳ್ಳಿ. ಇಷ್ಟೇ. ಈ ಅರ್ಧ ಗಂಟೆಯನ್ನು ಆರಿಸಲು ನಮಗೆ ಹನ್ನೊಂದು ದಿನ ಹಿಡಿಯಿತು.

ಯಾಕೆಂದರೆ ಅಣ್ಣ.

ಅಣ್ಣ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಯಾವ ಬಸ್ಸು ಯಾವಾಗ ಬಂತು, ಯಾವಾಗ ಬಿಟ್ಟಿತು ಎಂದು ಬರೆದಿಟ್ಟು, ಮೈಕಿನಲ್ಲಿ ಕೂಗಿ ಹೇಳುವ ಕೆಲಸ. ಆದರೆ ಹೊತ್ತಿನ ಹುಚ್ಚು ಅವನಿಗೆ ಹಿಡಿದದ್ದು ಅದಕ್ಕೂ ಮೊದಲು. ಹತ್ತೊಂಬತ್ತನೆಯ ವಯಸ್ಸಿಗೆ ರೈಲ್ವೆ ಪರೀಕ್ಷೆಗೆ ಕರೆ ಬಂದಿತ್ತು. ಅವ್ವ ಹೊಸ ಅಂಗಿ ಹೊಲಿಸಿದ್ದಳು. ಮಾನ್ವಿ ಬಿಟ್ಟ ಬಸ್ಸು ಕಲ್ಲೂರಿನ ಹತ್ತಿರ ಕೆಟ್ಟು ನಿಂತಿತು. ಅಣ್ಣ ಒಂದು ಹತ್ತಿ ಲಾರಿ ಹತ್ತಿ ರಾಯಚೂರು ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲಿನ ಕೊನೆಯ ಡಬ್ಬಿಯ ಬೆನ್ನು ಮಾತ್ರ ಕಂಡಿತಂತೆ. ಹೊಸ ಅಂಗಿಯ ತುಂಬ ಹತ್ತಿ ಅಂಟಿಸಿಕೊಂಡು ಮನೆಗೆ ಬಂದವನು ಎರಡು ದಿನ ಅದನ್ನೇ ಎಳೆಎಳೆಯಾಗಿ ಕೀಳುತ್ತ ಕುಳಿತ. ಮೂರನೆಯ ದಿನ, “ಇನ್ನ ಮ್ಯಾಲೆ ನಾ ಯಾವದಕ್ಕೂ ತಡಾ ಮಾಡಂಗಿಲ್ಲ” ಅಂದ. ಆ ಮಾತನ್ನು ಉಳಿಸಿಕೊಂಡವನು ಅವನು, ಅನುಭವಿಸಿದವರು ವೈನಿ.

ಕವಿತಾಳದಲ್ಲಿ ನಮ್ಮ ಸೋದರಮಾವನ ಮಗಳ ಮದುವೆ ಇತ್ತು. ಅಕ್ಷತೆ ಹನ್ನೆರಡೂಕಾಲಿಗೆ. ಅಣ್ಣ ವೈನಿಯನ್ನು ಕರೆದುಕೊಂಡು ಬೆಳಿಗ್ಗೆ ಆರಕ್ಕೇ ಅಲ್ಲಿದ್ದ. ಪೆಂಡಾಲಿನವರು ಇನ್ನೂ ಕಂಬ ನಿಲ್ಲಿಸುತ್ತಿದ್ದರು. ಅಣ್ಣ ಒಂದು ಕಂಬ ಹಿಡಿದು ನಿಂತ. ಅಡುಗೆಯವರು ಬದನೆಕಾಯಿ ರಾಶಿ ಹಾಕಿಕೊಂಡು ಕುಳಿತಿದ್ದರು. ಸುಮ್ಮನೆ ನಿಂತಿದ್ದ ವೈನಿಯ ಮುಂದೆ ಯಾರೋ ಈಳಿಗೆ ಸರಿಸಿದರು. ಹನ್ನೊಂದರ ಹೊತ್ತಿಗೆ ಇಬ್ಬರೂ ಎಷ್ಟು ದಣಿದಿದ್ದರೆಂದರೆ, ಒಳಕೋಣೆಯ ಗೋಡೆಗೆ ಒರಗಿದವರಿಗೆ ಅಲ್ಲೇ ನಿದ್ದೆ ಹತ್ತಿತು. ಊಟದ ಎರಡನೆಯ ಪಂಕ್ತಿ ಎದ್ದ ಮೇಲೆ ಯಾರೋ ಎಬ್ಬಿಸಿದರು. ಮದುವೆಯ ಆಲ್ಬಮ್ಮಿನಲ್ಲಿ ಅಣ್ಣ ಇರುವುದು ಒಂದೇ ಫೋಟೋದಲ್ಲಿ. ಕಂಬದ ಪಕ್ಕ.

ಅವ್ವ ಅವನನ್ನು ಹೆತ್ತವಳೇ ಆದರೂ ಅವಳ ಮತ ಬೇರೆ. ಅವಳ ತವರು ಕೃಷ್ಣಾ ನದಿಯ ಆಚೆ. ಈಗ ಸೇತುವೆ ಇದೆ. ನಾವು ಸಣ್ಣವರಿದ್ದಾಗ ದೇವದುರ್ಗದ ಕಡೆಯ ದಂಡೆಯಿಂದ ಹರಗೋಲು ಹತ್ತಬೇಕಿತ್ತು. ದೊಡ್ಡ ಬಿದಿರಬುಟ್ಟಿಗೆ ತೊಗಲು ಹೊದಿಸಿದಂಥದ್ದು. ಅದಕ್ಕೆ ವೇಳಾಪಟ್ಟಿ ಎಂಬುದಿರಲಿಲ್ಲ, ತುಂಬಿದರೆ ಹೋಗುತ್ತಿತ್ತು. ಹದಿನಾಲ್ಕು ಮಂದಿ ಆಗುವವರೆಗೆ ಅಂಬಿಗ ದಂಡೆಯ ಮೇಲೆ ಬೀಡಿ ಸೇದುತ್ತ ಕೂರುತ್ತಿದ್ದ. ನಾವು ಬಿಸಿ ಉಸುಕಿನಲ್ಲಿ ಕಾಲು ಹುಗಿದುಕೊಂಡು, ರೊಟ್ಟಿ, ಶೇಂಗಾ ಹಿಂಡಿ ತಿಂದು, ನೀರಿಗೆ ಚಪ್ಪಟೆ ಕಲ್ಲು ಒಗೆದು, ಮತ್ತೆ ಹಸಿವಾಗಿ, ಅಜ್ಜಿಗೆಂದು ಕಟ್ಟಿದ್ದ ಕರ್ಚಿಕಾಯಿಗೂ ಕೈ ಹಾಕುತ್ತಿದ್ದೆವು. ಒಮ್ಮೆ ಹದಿಮೂರು ಮಂದಿ ಆದೆವು. ಹದಿನಾಲ್ಕನೆಯವರು ಎಷ್ಟು ಹೊತ್ತಾದರೂ ಬರಲಿಲ್ಲ. ಅಂಬಿಗ ಮನೆಗೆ ಹೋಗಿ, ಉಂಡು, ಮಲಗಿ, ಎದ್ದು, ಕೊನೆಗೆ ತನ್ನ ಹೆಂಡತಿಯನ್ನೇ ಕರೆದುಕೊಂಡು ಬಂದ. “ಈಗ ತುಂಬಿತು, ಏರ್ರಿ” ಅಂದ. ಆಯಮ್ಮ ಸುಮ್ಮನೆ ಆಚೆ ದಂಡೆಗೆ ಬಂದು, ಅದೇ ಹರಗೋಲಿನಲ್ಲಿ ತಿರುಗಿ ಹೋದಳು.

ಅವ್ವನ ಪಾಲಿಗೆ ನೀರಿನ ಮೇಲೆ ಹೋಗುವುದೆಂದರೆ ಇದು. “ಅಷ್ಟು ಸಣ್ಣ ಹರಗೋಲನ ಮಂದೀನ ಬಿಟ್ಟು ಹೋಗಂಗಿಲ್ಲ. ಅಂಥಾ ದೊಡ್ಡ ಹಡಗ ಬಿಟ್ಟು ಹೋಗತದ? ತುಂಬಬೇಕಲ್ಲೇನು?”

ಒಂದು ರಜೆಯ ದಿನ ಮೀಟಿಂಗ್ ಸೇರಿದೆವು. ಹನ್ನೊಂದಕ್ಕೆ ಬಾ ಎಂದರೆ ಅಣ್ಣ ಎಂಟಕ್ಕೆ ಬಂದು, ನಾನು ಕಸ ಗುಡಿಸುವುದನ್ನು ನೋಡುತ್ತ ಕುಳಿತ. ನಾನು ನೋಟ್‌ಬುಕ್ಕಿನಲ್ಲಿ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಬರೆದಿದ್ದೆ. ಐದಕ್ಕೆ ಹಡಗು, ಮೂರೂವರೆಗೆ ಬಾಗಿಲು, ಹನ್ನೆರಡಕ್ಕೆ ಬಂದರು. ಅಂದರೆ ಮಂಗಳವಾರ ಮಧ್ಯಾಹ್ನ ರಾಯಚೂರಿನಲ್ಲಿ ರೈಲು ಹಿಡಿದರೆ ಬುಧವಾರ ಬೆಳಿಗ್ಗೆ ಮುಂಬೈ. ಕೆಳಗೆ ಎರಡು ಗೆರೆ ಎಳೆದಿದ್ದೆ.

“ರೈಲು ಲೇಟಾದ್ರ?” ಅಣ್ಣ ಕೇಳಿದ.

“ಎರಡು ತಾಸು ಹಿಡಿದೀನಿ.”

“ನಾಕು ತಾಸು ಆದ್ರ?”

“ಆದ್ರೂ ಹಡಗ ಸಿಗತದ.”

“ಹನ್ನೆರಡು ತಾಸು?”

“ಅಣ್ಣಾ, ಹನ್ನೆರಡು ತಾಸು ಲೇಟಾದ್ರ ಅದು ಮರುದಿನದ ರೈಲು.”

“ಅದಕ್ಕ ಹೇಳಾಕತ್ತೀನಿ. ಹಿಂದಿನ ದಿನದ ರೈಲಿಗಿ ಹೋಗೋಣು.”

ನಾನು ಅವ್ವನ ಕಡೆ ನೋಡಿದೆ. ಅವ್ವ, “ಮಂಗಳಾರ ಮನಿ ಬಿಡಬಾರದು” ಅಂದಳು. ಹೀಗೆ ತಾಯಿ ಮಗ ಬೇರೆಬೇರೆ ದಾರಿ ಹಿಡಿದು ಸೋಮವಾರಕ್ಕೆ ಬಂದು ಕೂಡಿಕೊಂಡರು. ನನ್ನ ಎರಡು ಗೆರೆಗಳನ್ನು ಯಾರೂ ನೋಡಲಿಲ್ಲ.

ಇನ್ನು ಒಳಗೆ ಹೋಗುವ ಹೊತ್ತು. ಅಣ್ಣ ಮೊದಲನೆಯದೇ ಬೇಕೆಂದ: ಹನ್ನೆರಡು. ಅವ್ವನಿಗೆ ಓದು ಬರುವುದಿಲ್ಲ, ರಾಹುಕಾಲ ಮಾತ್ರ ಏಳು ದಿನದ್ದೂ ಬಾಯಿಪಾಠ. “ಬುಧವಾರ ಹನ್ನೆರಡರಿಂದ ಒಂದೂವರಿ ರಾಹುಕಾಲ. ನಾ ಕಾಲಿಡಂಗಿಲ್ಲ.”

“ಒಂದೂವರಿಗಿ ಹ್ವಾದ್ರ ಕಿಟಕಿ ಸೀಟು ಉಳಿದಿರ್ತಾವೇನು?” ಅಣ್ಣ ಕಂಗಾಲಾದ. “ಟವಲ್ ಒಗದು ಸೀಟು ಹಿಡಿಯಾಕರ ಬಿಡ್ತಾರೇನು?”

“ನಮ್ಮ ಖೋಲಿ ನಂಬರ್ ಆಗಲೇ ಕೊಟ್ಟಾರ ಅಣ್ಣಾ.”

“ಬಸ್ಸಿನ್ಯಾಗೂ ರಿಜರ್ವೇಶನ್ ಕೊಡ್ತಾರ. ಹತ್ತಿ ನೋಡಿದ್ರ ಯಾರೋ ಕುಂತು ಶೇಂಗಾ ತಿನ್ನಾಕತ್ತಿರ್ತಾರ.”

ವೈನಿ ಇಷ್ಟು ಹೊತ್ತೂ ಮೆಂತ್ಯೆ ಸೊಪ್ಪು ಸೋಸುತ್ತ ಕುಳಿತಿದ್ದರು. “ವೈನೀ, ನೀವೇನಂತೀರಿ?” ಎಂದೆ.

“ನಂದೇನದ ಸರೋಜಾ. ಇವರು ಯಾವಾಗ ಅಂತಾರ ಅವಾಗ ಹೋಗಿ ಕುಂದ್ರೋದು.”

ಒಂದೂವರೆಯಿಂದ ಎರಡು ಎಂದು ನಾನು ಮೊಬೈಲ್ ಒತ್ತಿದೆ. ಗೆದ್ದವಳು ಅವ್ವ. ಆದರೆ ಸೋಮವಾರದ ಮಧ್ಯಾಹ್ನದ ರೈಲಿಗೆ ಬೆಳಿಗ್ಗೆ ಎಂಟಕ್ಕೇ ಮಾನ್ವಿ ಬಿಡಬೇಕೆಂದು ಅಣ್ಣ ಹಟ ಹಿಡಿದಾಗ, ಆ ಹೊತ್ತೂ ರಾಹುಕಾಲವೇ ಎಂದು ತಿಳಿಯಿತು. ಇದಕ್ಕೆ ಅವ್ವನ ಬಳಿ ಹಳೆಯ ಉಪಾಯವಿತ್ತು. ಒಳ್ಳೆಯ ಗಳಿಗೆ ನೋಡಿ ಚೀಲವನ್ನು ಹಿಂದಿನ ದಿನವೇ ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಅಲ್ಲಿಗೇ ಶುರುವಾದಂತೆ. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ. ಭಾನುವಾರ ಸಂಜೆ ಅವ್ವ ಚೀಲ ಎತ್ತಿಕೊಂಡು, ಹೊಸ್ತಿಲಿಗೆ ಕೈ ಮುಗಿದು, ನನಗೆ “ಬರ್ತೀನವ್ವಾ” ಎಂದು ಹೇಳಿ, ಪಕ್ಕದ ಮನೆಯ ಶಂಕ್ರಮ್ಮನಲ್ಲಿ ಇಟ್ಟು ಬಂದಳು. ಬಂದ ಮೇಲೆ ಅವಳ ನಡೆಯೇ ಬದಲಾಯಿತು. “ಅವ್ವಾ, ಅನ್ನಕ್ಕ ಎಷ್ಟು ಅಕ್ಕಿ ಹಾಕಲಿ?” ಎಂದರೆ, “ನಾ ಊರು ಬಿಟ್ಟೀನಿ, ನನ್ನ ಯಾಕ ಕೇಳ್ತಿ?” ಅಂದಳು. ಹಾಗೆಂದು ಎರಡು ಸಲ ಬಡಿಸಿಕೊಂಡು ಉಂಡಳು.

ಸೋಮವಾರ ಬೆಳಿಗ್ಗೆ ನೋಡಿದರೆ ಶಂಕ್ರಮ್ಮನ ಮನೆಗೆ ಬೀಗ. ಮಗಳಿಗೆ ಮೈ ಹುಷಾರಿಲ್ಲವೆಂದು ಬೆಳಗಿನ ಬಸ್ಸಿಗೇ ಕಲ್ಲೂರಿಗೆ ಹೋಗಿದ್ದರು. ಚೀಲದಲ್ಲಿ ಅವ್ವನ ಸೀರೆಗಳಿದ್ದವು. ಅಷ್ಟೇ ಇದ್ದಿದ್ದರೆ ಬಿಟ್ಟು ಹೋಗಬಹುದಿತ್ತು. ನಾಲ್ವರ ಆಧಾರ್ ಕಾರ್ಡೂ, ಹಡಗಿನ ಕಾಗದಗಳೂ ಅದರಲ್ಲೇ ಇದ್ದವು. ಭದ್ರವಾಗಿರಲಿ ಎಂದು ನಾನೇ ಇಟ್ಟಿದ್ದೆ. ಆಟೋ ಹಿಡಿದು ಕಲ್ಲೂರಿಗೆ ಹೋದೆ, ಬೀಗದ ಕೈ ಇಸಿದುಕೊಂಡೆ, ಮಾನ್ವಿಗೆ ಬಂದು ಚೀಲ ತೆಗೆದೆ, ಅವ್ವನನ್ನು ಕೂರಿಸಿಕೊಂಡು ಮತ್ತೆ ಕಲ್ಲೂರಿಗೆ ಬಂದು ಬೀಗದ ಕೈ ಕೊಟ್ಟೆ, ಅಲ್ಲಿಂದ ರಾಯಚೂರು. ರೈಲು ಬರಲು ಹತ್ತು ನಿಮಿಷವಿತ್ತು. ದೇವದುರ್ಗದಿಂದ ನೇರವಾಗಿ ಬಂದ ಅಣ್ಣ, ವೈನಿ ಬೆಳಗಿನಿಂದ ಸ್ಟೇಷನ್ನಿನ ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಅಣ್ಣ ತನ್ನ ಗಡಿಯಾರದ ಕೈಯನ್ನು ನನ್ನ ಮುಖದ ಮುಂದೆ ಹಿಡಿದು ತೆಗೆದ, ಅಷ್ಟೇ.

ರೈಲು ಸರಿಯಾದ ಹೊತ್ತಿಗೆ ಮುಂಬೈ ಮುಟ್ಟಿತು. ಅಣ್ಣನಿಗೆ ಅದು ಸ್ವಲ್ಪ ಅವಮಾನವೇ ಆಯಿತು. ಲಾಡ್ಜಿನಲ್ಲಿ ಚೀಲ ಇಟ್ಟವನೇ, ಬಂದರಿಗೆ ಒಮ್ಮೆ ಟ್ರಯಲ್ ಹೋಗಿ ಬರೋಣ ಎಂದ. ಹೋದೆವು. ಎಷ್ಟು ನಿಮಿಷ ಹಿಡಿಯಿತೆಂದು ಅಂಗೈ ಮೇಲೆ ಬರೆದುಕೊಂಡ. ಗೇಟಿನ ಕಾವಲುಗಾರನನ್ನು ತನ್ನ ರಾಯಚೂರಿನ ಉರ್ದುವಿನಲ್ಲಿ ನಾಳೆಯ ಹಡಗು ಎಲ್ಲಿ ಎಂದು ವಿಚಾರಿಸಿದ. ನಾಳೆಯ ಹಡಗು ನಾಳೆ ಬರುತ್ತದೆ ಎಂದು ಅವನು ಹೇಳಿದ. ಅಣ್ಣ ನನ್ನ ಕಡೆ ತಿರುಗಿ, “ನೋಡಿದಿ? ಗಾಡಿನ ಇನ್ನಾ ಬಂದಿಲ್ಲ” ಎಂದ, ಏನೋ ಗೆದ್ದವನಂತೆ.

ಬುಧವಾರ ಬೆಳಿಗ್ಗೆ ಏಳಕ್ಕೆ ನಾವು ಆ ಗೇಟಿನ ಮುಂದೆ ಇದ್ದೆವು. ಒಂದೂವರೆಯ ಗುಂಪಿಗೆ ಏಳಕ್ಕೆ. ಹಡಗೂ ಆಗಷ್ಟೇ ಬಂದು ನಿಂತಿತ್ತು. ಗೋಡೆಯಾಚೆ ಅದರ ಮೇಲಿನ ಮಾಳಿಗೆಗಳು ಕಾಣುತ್ತಿದ್ದವು. ಅವ್ವ ಕತ್ತೆತ್ತಿ ನೋಡಿ, “ಇದು ತುಂಬಬೇಕಂದ್ರ ಮಾನ್ವಿ ತಾಲ್ಲೂಕನ ಬರಬೇಕು” ಅಂದಳು.

ಹನ್ನೊಂದರ ಹೊತ್ತಿಗೆ ಮಂದಿ ಬರತೊಡಗಿದರು. ನಮ್ಮ ಮನೆಯ ಅಲ್ಮಾರಿಗಿಂತ ದೊಡ್ಡ ಪೆಟ್ಟಿಗೆಗಳು, ಅಳುವ ಕೂಸುಗಳು, ಕಪ್ಪು ಕನ್ನಡಕಗಳು. ಹನ್ನೆರಡರವರು ಯಾರು, ಎರಡರವರು ಯಾರು ಎಂದು ಯಾರಿಗೂ ಗೊತ್ತಿಲ್ಲ. ಎಲ್ಲರೂ ಒಟ್ಟಿಗೇ ಗೇಟಿಗೆ ಒತ್ತುತ್ತಿದ್ದರು. ಕಾವಲುಗಾರ ಒಬ್ಬನೇ; ಅವನ ಜೊತೆಗಾರ ಅಂದು ಬಂದಿರಲಿಲ್ಲವಂತೆ.

ಅಣ್ಣ ಮೊದಲು ಒಂದು ಕುಟುಂಬದ ಕಾಗದ ನೋಡಿ ಅವರಿಗೆ ಮಾತ್ರ ಹೇಳಿದ, ನಿಮ್ಮದು ಹನ್ನೆರಡೂವರೆ, ಪಕ್ಕಕ್ಕೆ ನಿಲ್ಲಿ ಎಂದು. ಅವರು ನಿಂತರು. ಇನ್ನೊಬ್ಬರಿಗೆ ಹೇಳಿದ. ಅವರೂ ನಿಂತರು. ಆಮೇಲೆ ಒಂದು ಕಟ್ಟೆಯ ಮೇಲೆ ಹತ್ತಿದ. ಹತ್ತಿದವನ ಗಂಟಲಿನಿಂದ, ಎರಡು ತಿಂಗಳಿನಿಂದ ಒಳಗೇ ಕುಳಿತಿದ್ದ ದನಿ ಹೊರಬಿತ್ತು.

“ಬಾರಾ ಬಜೇ ವಾಲೇ ಇಧರ್! ಸಾಡೇ ಬಾರಾ ವಾಲೇ ಉಧರ್, ಛಾಂವ್ ಮೇ ಠಹರೋ! ಬಡಾ ಪೇಟೀ ಪೀಛೇ!”

ಹನ್ನೆರಡರವರು ಇತ್ತ ಬಂದರು, ಹನ್ನೆರಡೂವರೆಯವರು ಅತ್ತ ನೆರಳಿಗೆ ಸರಿದರು, ದೊಡ್ಡ ಪೆಟ್ಟಿಗೆಗಳು ಹಿಂದೆ ಹೋದವು. ಹತ್ತು ನಿಮಿಷದಲ್ಲಿ ಆ ಜಾತ್ರೆ ಐದು ಸಾಲುಗಳಾಯಿತು. ಕಾವಲುಗಾರ ಬೆರಗಾಗಿ ನೋಡಿ, ಬಾರದಿದ್ದ ಜೊತೆಗಾರನ ಹೊಳೆಯುವ ಹಳದಿ ಜಾಕೀಟನ್ನು ತಂದು ಅಣ್ಣನಿಗೆ ತೊಡಿಸಿದ. ಒಳಗಿನಿಂದ ಟೈ ಕಟ್ಟಿದ ಒಬ್ಬರು ಬಂದು ಸಾಲುಗಳನ್ನು ನೋಡಿ, ಅಣ್ಣನಿಗೆ ತಲೆಯಾಡಿಸಿ ಹೋದರು. ಯಾರೋ ಚಹಾ ತಂದುಕೊಟ್ಟರು. ನಿವೃತ್ತನಾದಾಗಿನಿಂದ ಅಣ್ಣ ಮನೆಯ ಕಿಟಕಿಯಲ್ಲಿ ನಿಂತು, “ಲಿಂಗಸುಗೂರು ಗಾಡಿ ಒಂಬತ್ತು ನಿಮಿಷ ಲೇಟು” ಎಂದು ವೈನಿಗೆ ಹೇಳುವುದನ್ನು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಆ ಮುಖ ಅಂದು ಆ ಬಿಸಿಲಿನಲ್ಲಿ ಹೇಗಿತ್ತೆಂದರೆ, ನಾನು ಹೋಗಿ ಇಳಿದು ಬಾ ಎನ್ನಲು ಮನಸ್ಸಾಗಲಿಲ್ಲ.

ಒಂದೂವರೆಗೆ ಅವನೇ ನಮ್ಮ ಗುಂಪನ್ನು ಕರೆದ. ನಾವು ಮೂವರು ಅವನ ಮುಂದೆಯೇ ಹಾದೆವು.

“ನೀನೂ ಬಾ ಯಪ್ಪಾ,” ಅವ್ವ ಕರೆದಳು.

“ನೀವು ನಡೀರಿ. ಎರಡರವರ ಸಾಲು ಹಚ್ಚಿ ಬಂದೆ.”

ಒಳಗೆ ಚೀಲ ತಪಾಸಣೆ ಆಯಿತು, ಹಿಡಿಕೆಗೆ ಪಟ್ಟಿ ಅಂಟಿಸಿದರು, ಫೋಟೋ ತೆಗೆದರು. ದೊಡ್ಡ ಹಾಲಿನಲ್ಲಿ ಕುರ್ಚಿಗಳಿದ್ದವು, ಕುಳಿತೆವು. ಎರಡಾಯಿತು. ಎರಡೂವರೆ ಆಯಿತು. ಅಣ್ಣನಿಗೆ ಫೋನ್ ಮಾಡಿದರೆ ವೈನಿಯ ಕೈಚೀಲದೊಳಗಿಂದ ರಿಂಗಾಯಿತು. ಅವನ ಕಾಗದ, ಆಧಾರ್ ಎರಡೂ ಅಲ್ಲೇ ಇದ್ದವು. ನಾನು ಹೊರಗೆ ಹೋಗಿ ಕರೆದು ತರುತ್ತೇನೆಂದರೆ, ಒಮ್ಮೆ ಒಳಗೆ ಬಂದವರು ಹೊರಗೆ ಹೋಗುವಂತಿಲ್ಲ ಎಂದರು. ಮೂರಾಯಿತು. ಹಾಲು ಖಾಲಿಯಾಗುತ್ತ ಬಂತು. ಇನ್ನು ಅರ್ಧ ಗಂಟೆಗೆ ಬಾಗಿಲು ಮುಚ್ಚುತ್ತದೆ ಎಂದು ಕೌಂಟರಿನ ಹುಡುಗಿ ನಗುತ್ತಲೇ ಹೇಳಿದಳು.

“ಹನುಮ ಬರೋತನಕ ಇನ್ನಾ ತುಂಬಿಲ್ಲ ಅಂತ ಹೇಳು ಅವರಿಗಿ,” ಅವ್ವ ಮಗನ ಹೆಸರು ಹಿಡಿದು ಅಂದಳು.

ನಾನು ಹೋಗಿ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಇಂಗ್ಲಿಷೂ ಗಣಿತದ್ದೇ. ನಾಲ್ವರಲ್ಲಿ ಮೂವರನ್ನು ಕಳೆದರೆ ಒಬ್ಬರು ಹೊರಗೆ ಉಳಿದಿದ್ದಾರೆ ಎಂದು ಬೆರಳು ಮಡಚಿ ತೋರಿಸಿದೆ. ಹುಡುಗಿ ಅಣ್ಣನ ಹೆಸರು ಬರೆದುಕೊಂಡು, ತನ್ನ ಬಾಯಿಗೆ ಬಂದಂತೆ ಮೈಕಿನಲ್ಲಿ ಕೂಗಿದಳು. “ಮಿಸ್ಟರ್ ಹೆನ್ಮನ್ ಟಾಪಾ! ಮಿಸ್ಟರ್ ಹೆನ್ಮನ್ ಟಾಪಾ!” ಯಾರೂ ಬರಲಿಲ್ಲ. ಆಮೇಲೆ ತಿಳಿಯಿತು, ಹೊರಗಿನ ಸ್ಪೀಕರಿನಲ್ಲಿ ಅದು ಅಣ್ಣನಿಗೂ ಚೆನ್ನಾಗಿ ಕೇಳಿಸಿತ್ತು. ಯಾವನೋ ಪುಣ್ಯಾತ್ಮ ಹಡಗು ತಪ್ಪಿಸಿಕೊಳ್ಳುತ್ತಿದ್ದಾನೆಂದು ಅವನೂ ಸಾಲುಗಳ ನಡುವೆ ಓಡಾಡಿ, “ಟಾಪಾ ಕೌನ್ ಹೈ? ಜಲ್ದೀ ಜಾವೋ!” ಎಂದು ಆ ಮನುಷ್ಯನನ್ನು ಹುಡುಕಿದ್ದನಂತೆ. ಹೊತ್ತಿನ ಬೆಲೆ ಗೊತ್ತಿಲ್ಲದ ಮಂದಿ ಎಂದು ಕಾವಲುಗಾರನ ಹತ್ತಿರ ಬೈದೂ ಇದ್ದನಂತೆ.

ಮೂರೂಕಾಲಿಗೆ ವೈನಿ ಎದ್ದರು. “ಸರೋಜಾ, ಆ ಮೈಕು ನನ್ನ ಕೈಗಿ ಕೊಡು ಅನ್ನು.”

ಇಲ್ಲಿ ಒಂದು ಮಾತು ಹೇಳಬೇಕು. ವೈನಿ ಮದುವೆಯಾದಾಗಿನಿಂದ ಗಂಡನ ಹೆಸರನ್ನು ಬಾಯಲ್ಲಿ ಹೇಳಿದವರಲ್ಲ. ಅವರ ವಯಸ್ಸಿನ ನಮ್ಮ ಕಡೆಯ ಹೆಣ್ಣುಮಕ್ಕಳು ಹೇಳುವುದಿಲ್ಲ. ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ ಗಂಡನ ಹೆಸರು ಕೇಳಿದರೆ ಕಾರ್ಡನ್ನು ಮುಂದೆ ನೂಕುತ್ತಾರೆ, ಇಲ್ಲವೇ ಪಕ್ಕದವರ ಮುಖ ನೋಡುತ್ತಾರೆ. ಆ ವೈನಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿದರು. ಬಸ್ ಸ್ಟ್ಯಾಂಡಿನ ಹಿಂದಿನ ಮನೆಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡದ್ದೆಲ್ಲ ಅವರ ಬಾಯಿಗೆ ಬಂತು.

“ಪ್ರಯಾಣಿಕರ ಗಮನಕ್ಕೆ. ದೇವದುರ್ಗದಿಂದ ಬಂದಂಥ ಹನುಮಂತಪ್ಪನವರು ಎಲ್ಲಿದ್ದರೂ ಕೂಡಲೇ ಬರತಕ್ಕದ್ದು. ನಿಮ್ಮ ಹಡಗು ಹೊರಡಲು ಸಿದ್ಧವಾಗಿದೆ.”

ಮೈಕಿನ ಭಾಷೆ ಅಲ್ಲಿಗೆ ಮುಗಿದಿತ್ತು.

“ಏ ಹನುಮಂತಪ್ಪಾ! ಯಾರದೋ ಮಂದೀದು ಸಾಲು ಹಚ್ಚಿಕೋತ ನಿಂತೀಯೇನು? ಮೂವತ್ತು ವರ್ಷ ಎಲ್ಲಾ ಕಡಿಗಿ ನನ್ನ ಮೊದಲ ಒಯ್ದು ಕುಂದ್ರಿಸಿದಿ. ಇವತ್ತ ನಾ ಮೊದಲ ಬಂದು ಕುಂತೀನಿ. ಒಳಗ ಬಾ!”

ಆ ಹಾಲಿನಲ್ಲಿ ಕನ್ನಡ ತಿಳಿದವರು ನಾವಷ್ಟೇ ಇದ್ದಿರಬೇಕು. ಆದರೂ ಎಲ್ಲರೂ ತಿರುಗಿ ನೋಡಿದರು. ಅವ್ವ ಗಲ್ಲಕ್ಕೆ ಕೈ ಹಚ್ಚಿ, “ಯವ್ವಾ, ಹೆಸರು ತಗದ್ಲು!” ಅಂದಳು. ವೈನಿ ಮೈಕು ಹಿಡಿದೇ ನಿಂತಿದ್ದರು. ಕೌಂಟರಿನ ಹುಡುಗಿ ಮೈಕನ್ನು ಮೆಲ್ಲಗೆ ಬಿಡಿಸಿಕೊಳ್ಳಬೇಕಾಯಿತು.

ಮೂರು ಇಪ್ಪತ್ತಾರಕ್ಕೆ ಗಾಜಿನ ಬಾಗಿಲಾಚೆ ಹಳದಿ ಬಣ್ಣವೊಂದು ಓಡಿ ಬರುವುದು ಕಂಡಿತು. ಬಾಗಿಲಿನವನು ಸಿಬ್ಬಂದಿಯ ದಾರಿ ಆ ಕಡೆ ಎಂದು ತಡೆದ. ನಾನು ಅಣ್ಣನ ಕಾಗದವನ್ನು ಗಾಜಿಗೆ ಒತ್ತಿ ಹಿಡಿದು ಕೂಗಿದೆ. ಅಣ್ಣ ಜಾಕೀಟು ಬಿಚ್ಚಿ ಅವನ ಕೈಗೇ ಕೊಟ್ಟು ಒಳಗೆ ಬಂದ. ಅವನ ಹಿಂದೆ ಬಾಗಿಲು ಹಾಕಿದರು. ಏದುಸಿರು ಬಿಡುತ್ತ ನಿಂತವನು ನನ್ನನ್ನೂ ಅವ್ವನನ್ನೂ ನೋಡಲಿಲ್ಲ. ವೈನಿಯನ್ನು ನೋಡಿದ. ವೈನಿ ನೆಲ ನೋಡುತ್ತಿದ್ದರು.

ಐದಕ್ಕೆ ಸರಿಯಾಗಿ ಹಡಗು ಬಿಟ್ಟಿತು. ನಾವು ಮೇಲಿನ ಅಟ್ಟದಲ್ಲಿ ಕಟಕಟೆ ಹಿಡಿದು ನಿಂತಿದ್ದೆವು. ಒಂದಿಷ್ಟೂ ಅಲುಗಾಟವಿಲ್ಲ. ಅವ್ವ ದಂಡೆಯ ಕಟ್ಟಡಗಳನ್ನೇ ನೋಡುತ್ತಿದ್ದವಳು, “ಹಡಗ ಅಲ್ಲೇ ಅದ. ಬೊಂಬಾಯಿನ ಹೊಂಟದ ನೋಡು” ಎಂದಳು. ಅಣ್ಣ ಗಡಿಯಾರ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ವೈನಿಯ ಪಕ್ಕಕ್ಕೆ ಸರಿದು, ನನಗೆ ಕೇಳಿಸುವುದಿಲ್ಲವೆಂದು ತಿಳಿದು ಹೇಳಿದ:

“ಮೈಕಿನ್ಯಾಗ ನಿನ್ನ ದನಿ ಚೊಲೋ ಬರತದ.”

ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಇನ್ನೊಮ್ಮಿ ಅನ್ನು.”

“ಏನಂತ ಅನ್ನಲ್ರೀ?”

“ಅದ… ಹೆಸರು.”

“ಅನ್ನಂಗಿಲ್ರೀ. ಹಡಗ ತಪ್ಪತದಂತ ಜೀವ ಹೋಗಿ ಒದರಿದ್ದು ಅದು. ಸುಮ್ಮಸುಮ್ಮನ ಯಾರರ ಅಂತಾರೇನು?”

ಮರುದಿನ ಬೆಳಿಗ್ಗೆ ಅವ್ವ ಒಂದು ಸುತ್ತು ಪೂರ್ತಿ ತಿರುಗಿ ನೋಡಿ, ಯಾವ ಕಡೆಯೂ ದಂಡೆ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. “ಖರೇನ ಇಲ್ಲ” ಎಂದು ಹೇಳಿ, ಎಲೆ ಅಡಿಕೆ ಹಾಕಿಕೊಂಡು, ಮಧ್ಯಾಹ್ನದವರೆಗೆ ಒಂದೇ ಕುರ್ಚಿಯಲ್ಲಿ ಕುಳಿತಳು. ಅವಳು ಅಷ್ಟು ನೆಮ್ಮದಿಯಾಗಿ ಕುಳಿತದ್ದನ್ನು ನಾನು ಕಂಡೇ ಇರಲಿಲ್ಲ.

ಅದರ ಮರುದಿನ ಗೋವಾದಲ್ಲಿ ಇಳಿಸಿದರು. ಊರು ನೋಡಿಕೊಂಡು ನಾಲ್ಕರೊಳಗೆ ಹಡಗಿಗೆ ಮರಳಬೇಕು, ತಡವಾದರೆ ಹಡಗು ನಿಲ್ಲುವುದಿಲ್ಲ ಎಂದು ಮೂರು ಭಾಷೆಯಲ್ಲಿ ಹೇಳಿದರು. ಮೂರಕ್ಕೇ ತಿರುಗಿ ಬಂದೆವು. ಅವ್ವ, ವೈನಿ, ನಾನು ಹಡಗು ಹತ್ತಿದೆವು. ಅಣ್ಣ ಮಾತ್ರ ದಾರಿಯಲ್ಲಿ ಕೊಂಡ ಎಳನೀರನ್ನು ಕುಡಿದು ಬರುತ್ತೇನೆಂದು ಕೆಳಗೆ, ಹಡಗಿಗೆ ಎದುರಾಗಿ, ಒಂದು ಕಲ್ಲಿನ ಬೆಂಚಿನ ಮೇಲೆ ಕುಳಿತ.

ಮೂರೂವರೆ ಆಯಿತು. ಕೊನೆಯವರೆಲ್ಲ ಓಡೋಡಿ ಬಂದು ಹತ್ತುತ್ತಿದ್ದರು. ಅಣ್ಣ ಎಳನೀರು ಕುಡಿಯುತ್ತಿದ್ದ. ಮೂರೂಮುಕ್ಕಾಲು. ಆ ಕಾಯಿಯಲ್ಲಿ ನೀರು ಯಾವಾಗಲೋ ಮುಗಿದಿರಬೇಕು. ಆದರೂ ಕೊಳವೆಯನ್ನು ಬಾಯಿಂದ ತೆಗೆದಿರಲಿಲ್ಲ. ಆಗಾಗ ಕತ್ತೆತ್ತಿ ನಾವು ನಿಂತ ಕಡೆ ನೋಡುತ್ತಿದ್ದ. ನಾನು ಗಾಬರಿಯಾಗಿ, “ಅಣ್ಣಾ” ಎಂದು ಕೂಗಲು ಬಾಯಿ ತೆರೆದೆ. ಅವ್ವ ನನ್ನ ಕೈ ಒತ್ತಿದಳು. “ನೀ ಸುಮ್ಮನಿರು.”

ವೈನಿ ಸಮುದ್ರ ನೋಡಿದರು. ಹಡಗಿನವರು ಏಣಿ ಎತ್ತಲು ಸಿದ್ಧವಾಗುವುದನ್ನು ನೋಡಿದರು. ಕೆಳಗೆ ಕುಳಿತವನನ್ನು ನೋಡಿದರು. ಅವರ ಕಿವಿಯವರೆಗೂ ಕೆಂಪೇರಿತ್ತು. ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಅಷ್ಟು ಮಂದಿಯ ನಡುವೆ, ಕೃಷ್ಣಾ ನದಿಯ ಈ ದಂಡೆಯಿಂದ ಆ ದಂಡೆಗೆ ಕೇಳಿಸುವಂತೆ ಕೂಗಿದರು:

“ಹನುಮಂತಪ್ಪಾ!”

ಅಣ್ಣ ಎದ್ದ. ಎಳನೀರನ್ನು ಬೆಂಚಿನ ಮೇಲಿಟ್ಟ. ಪ್ಯಾಂಟು ಕೊಡವಿಕೊಂಡು ಹಡಗಿನ ಕಡೆ ನಡೆದು ಬರತೊಡಗಿದ. ಅರ್ಧ ದಾರಿ ಬಂದವನು, ಮೇಲೆ ಒಮ್ಮೆ ನೋಡಿ, ಚೆನ್ನಾಗಿಯೇ ಇದ್ದ ಚಪ್ಪಲಿಯನ್ನು ಸರಿಮಾಡಿಕೊಳ್ಳಲು ಮತ್ತೆ ನಿಂತ.